ಕಂದಕದಿಂದ ಕಂಪ್ಯೂಟರಿನವರೆಗೆ: ಬೆದರಿದ ಮನಸ್ಸಿನ ಚಿಕಿತ್ಸೆ

1915ರ ಫೆಬ್ರವರಿಯಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಚಿಕ್ಕ ಲೇಖನ ಪ್ರಕಟವಾಯಿತು. ಬರೆದವರು ಚಾರ್ಲ್ಸ್ ಮೈಯರ್ಸ್. ಕೇಂಬ್ರಿಜ್‌ನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಈತ ಮಹಾಯುದ್ಧ ಆರಂಭವಾದ ಮೇಲೆ ಫ್ರಾನ್ಸಿಗೆ ಹೋಗಿ, ಲ ತೂಕೆ ಎಂಬ ಕಡಲತೀರದ ಊರಿನಲ್ಲಿ ಜೂಜುಮಂದಿರವೊಂದನ್ನೇ ಆಸ್ಪತ್ರೆಯಾಗಿ ಮಾಡಿಕೊಂಡಿದ್ದ ಕಡೆ ಕೆಲಸಕ್ಕೆ ಸೇರಿದ್ದರು. ಲೇಖನದಲ್ಲಿದ್ದುದು ಮೂವರು ಸೈನಿಕರ ವೃತ್ತಾಂತ. ಮೊದಲನೆಯವನಿಗೆ 20 ವರ್ಷ. ಮುಳ್ಳುತಂತಿಯ ಬೇಲಿಯ ಕೆಳಗೆ ತೆವಳುತ್ತಿದ್ದಾಗ ಸುತ್ತಲೂ ಶೆಲ್ಲುಗಳು ಸಿಡಿದಿದ್ದವು. ಮೈಮೇಲೆ ಹೇಳಿಕೊಳ್ಳುವಂಥ ಗಾಯವಿಲ್ಲ. ಆದರೆ ಕಣ್ಣು ಮಂಜಾಗಿದೆ, ವಾಸನೆ ಗೊತ್ತಾಗುವುದಿಲ್ಲ, ರುಚಿ ಹತ್ತುವುದಿಲ್ಲ. ಉಳಿದಿಬ್ಬರದೂ ಹೆಚ್ಚುಕಡಿಮೆ ಇದೇ ಸ್ಥಿತಿ. ನೆನಪಿನಲ್ಲೂ ಅಲ್ಲಲ್ಲಿ ಖಾಲಿ ಜಾಗಗಳು. ಮೈಯರ್ಸ್ ಒಂದು ವಿಚಿತ್ರವನ್ನು ಗಮನಿಸಿದ್ದರು. ಸ್ಫೋಟದ ಸದ್ದಿಗೆ ಮೊದಲು ಕೆಡಬೇಕಾದದ್ದು ಕಿವಿ. ಆ ಮೂವರಲ್ಲೂ ಕಿವಿ ಮಾತ್ರ ಸರಿಯಾಗಿಯೇ ಇತ್ತು.

‘ಶೆಲ್ ಶಾಕ್’ ಎಂಬ ಹೆಸರು ವೈದ್ಯಕೀಯ ಸಾಹಿತ್ಯಕ್ಕೆ ಬಂದದ್ದು ಈ ಲೇಖನದಿಂದ. ಸೈನಿಕರ ಬಾಯಲ್ಲಿ, ಪತ್ರಿಕೆಗಳಲ್ಲಿ, ಸಂಸತ್ತಿನಲ್ಲಿ ಅದು ಎಷ್ಟು ಬೇಗ ಹರಡಿತೆಂದರೆ 1917ರ ಹೊತ್ತಿಗೆ ಸೇನೆ ಆ ಪದವನ್ನು ತಡೆಯಲು ಆಜ್ಞೆಯನ್ನೇ ಹೊರಡಿಸಬೇಕಾಯಿತು. ತಜ್ಞರು ನೋಡುವ ತನಕ ಅಂಥವನ ಚೀಟಿಯ ಮೇಲೆ ‘ಇನ್ನೂ ನಿರ್ಧಾರವಾಗಿಲ್ಲ, ನರಸಂಬಂಧಿ’ ಎಂದಷ್ಟೇ ಬರೆಯಬೇಕು ಎಂದು. ಹೆಸರನ್ನು ತೆಗೆದರೆ ಕಾಯಿಲೆಯೂ ಹೋದೀತೆಂಬ ಆಸೆ ಆಡಳಿತಗಾರರಿಗೆ ಎಲ್ಲ ಕಾಲದಲ್ಲೂ ಇದ್ದದ್ದೇ.

ಇಂದು ನಾವು ಪಿ.ಟಿ.ಎಸ್.ಡಿ. ಅಥವಾ ಆಘಾತೋತ್ತರ ಒತ್ತಡದ ಕಾಯಿಲೆ ಎನ್ನುವುದಕ್ಕೂ ಶೆಲ್ ಶಾಕ್‌ಗೂ ನೂರಕ್ಕೆ ನೂರು ಹೊಂದಿಕೆಯಿಲ್ಲ. ಆದರೂ ಈ ಕಾಯಿಲೆಯ ಚಿಕಿತ್ಸೆಯ ಬಗ್ಗೆ ಈಗ ನಡೆದಿರುವ ಚರ್ಚೆಯ ಬೇರು ಫ್ರಾನ್ಸಿನ ಆ ಕಂದಕಗಳಲ್ಲಿದೆ. ಚರ್ಚೆಯ ವಿಷಯ ಇಷ್ಟು: ನರಳುವವರು ಸಾವಿರಾರು, ತಜ್ಞರು ಬೆರಳೆಣಿಕೆಯಷ್ಟು. ಹಾಗಿರುವಾಗ ಎಲ್ಲರಿಗೂ ಒಂದೇ ಚಿಕಿತ್ಸೆ ಕೊಡುವುದೋ, ಇಲ್ಲ ಮೆಟ್ಟಿಲು ಮೆಟ್ಟಿಲಾಗಿ ಕೊಡುವುದೋ? ಸ್ವಲ್ಪದರಲ್ಲಿ ಗುಣವಾಗುವವರಿಗೆ ಸ್ವಲ್ಪ, ಆಗದವರಿಗೆ ಇನ್ನಷ್ಟು ಎಂಬ ಕ್ರಮ ನಮಗೆ ಹೊಸದೇನಲ್ಲ. ಮಗು ಬೆಚ್ಚಿಬಿದ್ದು ಅಳತೊಡಗಿದರೆ ಮೊದಲು ಅಜ್ಜಿ ದೃಷ್ಟಿ ತೆಗೆಯುತ್ತಾಳೆ, ನಿಲ್ಲದಿದ್ದರೆ ತಾಯಿತ, ಆಮೇಲೆ ಊರ ಡಾಕ್ಟರು, ಅಲ್ಲಿಗೂ ಬಗ್ಗದಿದ್ದರೆ ದೊಡ್ಡಾಸ್ಪತ್ರೆ. ಇದನ್ನೇ ಲೆಕ್ಕಪತ್ರವಿಟ್ಟು ಮಾಡಿದರೆ ಮೆಟ್ಟಿಲು ಪದ್ಧತಿ.

ಲೆಕ್ಕಪತ್ರವಿಟ್ಟು ಮಾಡಿದ ಮೊದಲಿಗರಲ್ಲಿ ಮುಖ್ಯರು ಅಮೆರಿಕದ ಮನೋವೈದ್ಯ ಥಾಮಸ್ ಸಾಲ್ಮನ್. 1917ರಲ್ಲಿ ಅಮೆರಿಕ ಯುದ್ಧಕ್ಕಿಳಿದಾಗ ಅವರು ಇಂಗ್ಲೆಂಡಿಗೆ ಹೋಗಿ ಬ್ರಿಟಿಷರ ಅನುಭವವನ್ನು ಅಧ್ಯಯನ ಮಾಡಿ ವರದಿ ಬರೆದರು. ಬ್ರಿಟಿಷರು ಆರಂಭದಲ್ಲಿ ಇಂಥ ರೋಗಿಗಳನ್ನು ಹಡಗು ಹತ್ತಿಸಿ ಸ್ವದೇಶಕ್ಕೆ ಕಳಿಸುತ್ತಿದ್ದರು. ಹೋದವರು ಬೇಗ ಚೇತರಿಸಿಕೊಳ್ಳುತ್ತಿರಲಿಲ್ಲ. ಮೈಯರ್ಸ್ ಒತ್ತಾಯಿಸಿದ ಮೇಲೆ 1916ರ ಕೊನೆಗೆ ರಣರಂಗದ ಸಮೀಪದಲ್ಲೇ ಚಿಕಿತ್ಸಾ ಕೇಂದ್ರಗಳು ತೆರೆದವು. ಸಾಲ್ಮನ್ ಇದನ್ನು ಮೂರು ಹಂತದ ವ್ಯವಸ್ಥೆಯಾಗಿ ಬೆಳೆಸಿದರು. ಕಂದಕಗಳ ಹಿಂದೆ ಕೆಲವೇ ಮೈಲಿ ದೂರದಲ್ಲಿ ಪ್ರತಿ ಸೇನಾ ವಿಭಾಗಕ್ಕೂ ಒಬ್ಬ ಮನೋವೈದ್ಯ. ಅಲ್ಲಿ ಸಿಗುವುದು ನಿದ್ದೆ, ಬಿಸಿ ಊಟ, ಸ್ನಾನ, ‘ನಿನಗೇನೂ ಆಗಿಲ್ಲ, ಕೆಲವು ದಿನಗಳಲ್ಲಿ ಗೆಳೆಯರ ಜತೆ ಸೇರುತ್ತೀಯ’ ಎಂಬ ಭರವಸೆ. ಅದಕ್ಕೆ ಸರಿಹೋಗದವನು ಇನ್ನೂ ಸ್ವಲ್ಪ ಹಿಂದಿನ ನರರೋಗ ಆಸ್ಪತ್ರೆಗೆ. ಅಲ್ಲೂ ಆಗದವನು ಲ ಫೋಷ್ ಎಂಬ ಹಳ್ಳಿಯಲ್ಲಿದ್ದ 117ನೇ ನೆಲೆ ಆಸ್ಪತ್ರೆಗೆ. ಹತ್ತಿರದಲ್ಲೇ, ತಡಮಾಡದೆ, ಗುಣವಾಗುತ್ತದೆಂಬ ನಿರೀಕ್ಷೆ ಹುಟ್ಟಿಸಿ ಚಿಕಿತ್ಸೆ ಮಾಡಬೇಕೆಂಬ ಮೂರು ಸೂತ್ರಗಳನ್ನು ಸೇನಾ ಮನೋವೈದ್ಯರು ಇಂದಿಗೂ ಹೇಳುತ್ತಾರೆ.

ಈ ಮೆಟ್ಟಿಲುಗಳನ್ನು ಕಟ್ಟಿದ ಉದ್ದೇಶವನ್ನೂ ನೋಡಬೇಕು. ಸೇನೆಗೆ ಬೇಕಾಗಿದ್ದುದು ಸೈನಿಕ ಮರಳಿ ಬಂದೂಕು ಹಿಡಿಯುವುದು. ಅವನು ರಾತ್ರಿ ನೆಮ್ಮದಿಯಾಗಿ ಮಲಗುತ್ತಾನೋ ಇಲ್ಲವೋ ಎಂಬುದು ಎರಡನೆಯ ಮಾತು. ಅದೇ ಯುದ್ಧದಲ್ಲಿ ಬ್ರಿಟಿಷ್ ಸೇನೆ ಪಲಾಯನ, ಹೇಡಿತನ ಮುಂತಾದ ಅಪರಾಧಗಳಿಗಾಗಿ ತನ್ನವರೇ 306 ಮಂದಿಯನ್ನು ಗುಂಡಿಟ್ಟು ಕೊಂದಿತು. ಅವರಲ್ಲಿ ಕೆಲವರಾದರೂ ಇದೇ ಕಾಯಿಲೆಯವರಿರಬೇಕು. ಅವರಿಗೆ ಕ್ಷಮೆ ಸಿಕ್ಕಿದ್ದು 2006ರಲ್ಲಿ. ರಣರಂಗದ ಚಿಕಿತ್ಸೆಯಿಂದ ಬಹುಪಾಲು ಸೈನಿಕರು ಯುದ್ಧಕ್ಕೆ ಮರಳಿದರೆಂದು ಅಂದಿನ ವೈದ್ಯರು ಹೆಮ್ಮೆಯಿಂದ ಬರೆದ ಲೆಕ್ಕಗಳನ್ನು ಎಡ್ಗರ್ ಜೋನ್ಸ್ ಮತ್ತು ಸೈಮನ್ ವೆಸ್ಲಿ ಎಂಬ ಇಬ್ಬರು ಬ್ರಿಟಿಷ್ ವಿದ್ವಾಂಸರು 2003ರಲ್ಲಿ ಮರುಪರಿಶೀಲಿಸಿ, ಅವು ಸಾಕಷ್ಟು ಉಬ್ಬಿದ ಲೆಕ್ಕಗಳೆಂದು ತೋರಿಸಿದರು. ಮರಳಿದವರಲ್ಲಿ ಅನೇಕರು ಹೋದದ್ದು ಕಾಳಗಕ್ಕಲ್ಲ, ಹಿಂಬದಿಯ ಕೆಲಸಗಳಿಗೆ.

ಇನ್ನೊಂದು ತಾರತಮ್ಯವೂ ಇತ್ತು. ಸ್ಕಾಟ್ಲೆಂಡಿನ ಎಡಿನ್‌ಬರೊ ಹತ್ತಿರದ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿ ಡಬ್ಲ್ಯು.ಎಚ್.ಆರ್. ರಿವರ್ಸ್ ಎಂಬ ವೈದ್ಯರು ರೋಗಿಗಳನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿಸಿಯೇ ಗುಣಪಡಿಸಲು ಯತ್ನಿಸುತ್ತಿದ್ದರು. 1917ರಲ್ಲಿ ಕವಿ ಸೀಗ್‌ಫ್ರೀಡ್ ಸಸೂನ್ ಅವರ ರೋಗಿಯಾಗಿದ್ದರು. ಈ ರಿವರ್ಸ್ ನಮಗೆ ತೀರಾ ಅಪರಿಚಿತರಲ್ಲ. ನಮ್ಮ ನೆರೆಯ ನೀಲಗಿರಿಯಲ್ಲಿ ತಿಂಗಳುಗಟ್ಟಲೆ ಇದ್ದು ತೋಡರ ಬಗ್ಗೆ 1906ರಲ್ಲಿ ದೊಡ್ಡ ಗ್ರಂಥ ಬರೆದವರು ಇವರೇ. ‘ಆದದ್ದನ್ನು ಮರೆತುಬಿಡು’ ಎಂಬ ಬಂಧುಮಿತ್ರರ ಉಪದೇಶವೇ ರೋಗವನ್ನು ಬೆಳೆಸುತ್ತದೆ, ಒತ್ತಿಟ್ಟ ನೆನಪು ರಾತ್ರಿಯ ಕನಸಾಗಿ ಬಂದೇ ಬರುತ್ತದೆ, ಅದನ್ನು ಹಗಲಿನಲ್ಲಿ ಎದುರಿಸಬೇಕು ಎಂಬುದು ಅವರ ಅಭಿಪ್ರಾಯ. ನೂರು ವರ್ಷಗಳ ಸಂಶೋಧನೆ ಈ ಮಾತನ್ನು ಬಹುಮಟ್ಟಿಗೆ ಎತ್ತಿಹಿಡಿದಿದೆ. ಆದರೆ ಕ್ರೇಗ್‌ಲಾಕ್‌ಹಾರ್ಟ್ ಅಧಿಕಾರಿಗಳಿಗೆ ಮೀಸಲಾದ ಆಸ್ಪತ್ರೆ. ಸಾಮಾನ್ಯ ಸಿಪಾಯಿಗೆ ಮಾತು ಹೋಗಿದ್ದರೆ ಲಂಡನ್ನಿನ ಕ್ವೀನ್ ಸ್ಕ್ವೇರ್ ಆಸ್ಪತ್ರೆಯಲ್ಲಿ ಡಾ. ಯೀಲೆಂಡ್ ಅವರು ಗಂಟಲಿಗೆ ವಿದ್ಯುತ್ತು ಮುಟ್ಟಿಸಿ ಮಾತಾಡಿಸುತ್ತಿದ್ದರು.

ಯುದ್ಧ ಮುಗಿಯಿತು, ಕಲಿತದ್ದೂ ಮರೆತುಹೋಯಿತು. ಎರಡನೇ ಮಹಾಯುದ್ಧದಲ್ಲಿ ಸಾಲ್ಮನ್‌ರ ಸೂತ್ರಗಳನ್ನು ಮತ್ತೆ ಹುಡುಕಿ ತೆಗೆಯಬೇಕಾಯಿತು. 1952ರಲ್ಲಿ ಅಮೆರಿಕದ ಮನೋವೈದ್ಯರು ಪ್ರಕಟಿಸಿದ ರೋಗಪಟ್ಟಿಯಲ್ಲಿ ‘ತೀವ್ರ ಒತ್ತಡದ ಪ್ರತಿಕ್ರಿಯೆ’ ಎಂಬ ಹೆಸರಿತ್ತು. 1968ರ ಪರಿಷ್ಕರಣೆಯಲ್ಲಿ ಅದು ಮಾಯವಾಯಿತು. ಆಗ ವಿಯೆಟ್ನಾಂ ಯುದ್ಧ ಉರಿಯುತ್ತಿತ್ತೆಂಬುದು ವಿಪರ್ಯಾಸ. ಅಲ್ಲಿಂದ ಮರಳಿದ ಸೈನಿಕರು 1970ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ತಾವು ತಾವೇ ಗುಂಪುಗೂಡಿ ಮಾತಾಡಿಕೊಳ್ಳತೊಡಗಿದರು. ಕೇಮ್ ಶಾಟನ್, ರಾಬರ್ಟ್ ಲಿಫ್ಟನ್ ಎಂಬ ಮನೋವೈದ್ಯರು ಅವರ ಜತೆ ಕುಳಿತರು, ಬರೆದರು, ಹೋರಾಡಿದರು. 1980ರ ರೋಗಪಟ್ಟಿಯಲ್ಲಿ ಪಿ.ಟಿ.ಎಸ್.ಡಿ. ಸೇರಿತು. ಅದು ಸೈನಿಕರಿಗೆ ಸೀಮಿತವಾಗಿ ಉಳಿಯಲಿಲ್ಲ. ಅತ್ಯಾಚಾರಕ್ಕೆ ಗುರಿಯಾದವರು, ಅಪಘಾತ, ಭೂಕಂಪ, ಬೆಂಕಿಗಳಿಂದ ಪಾರಾದವರು, ಎಲ್ಲರ ನರಳಿಕೆಗೂ ಒಂದೇ ಹೆಸರು ದೊರೆಯಿತು.

ಈ ಕಾಯಿಲೆ ಏನು ಮಾಡುತ್ತದೆ? ಘಾಟಿ ರಸ್ತೆಯಲ್ಲಿ ಬಸ್ಸು ಉರುಳಿ ಬದುಕುಳಿದ ಒಬ್ಬಾಕೆಯನ್ನು ಊಹಿಸಿಕೊಳ್ಳಿ. ಮೂಳೆ ಕೂಡಿದೆ, ಗಾಯ ಮಾಗಿದೆ. ಆದರೆ ಡೀಸೆಲ್ ವಾಸನೆ ಬಂದರೆ ಸಾಕು, ಆಕೆ ಮತ್ತೆ ಅದೇ ಬಸ್ಸಿನಲ್ಲಿದ್ದಾಳೆ. ಇದು ಬರಿಯ ನೆನಪಲ್ಲ. ನೆನಪಿಗೆ ‘ಆಗ’ ಎಂಬ ಗುರುತು ಇರುತ್ತದೆ, ಇದಕ್ಕೆ ಅದಿಲ್ಲ. ಬಸ್ಸು ಹತ್ತುವುದನ್ನು ಬಿಡುತ್ತಾಳೆ, ಆ ರಸ್ತೆಯನ್ನು ಬಿಡುತ್ತಾಳೆ, ಆ ಮಾತನ್ನೇ ಬಿಡುತ್ತಾಳೆ. ಬಾಗಿಲು ಬಡಿದರೆ ಬೆಚ್ಚುತ್ತಾಳೆ, ನಿದ್ದೆ ಬಾರದು, ಮನೆಯವರ ಮೇಲೆ ಸಿಡುಕು. ಅಪಘಾತವಾದ ಮೊದಲ ವಾರಗಳಲ್ಲಿ ಇದು ಯಾರಿಗಾದರೂ ಸಹಜ, ಬಹುಪಾಲು ಮಂದಿಗೆ ತಾನಾಗಿ ಇಳಿಯುತ್ತದೆ. ಕೆಲವರಿಗೆ ತಿಂಗಳು ಕಳೆದರೂ ಇಳಿಯುವುದಿಲ್ಲ. ಅವರಿಗಾಗಿ ಅಮೆರಿಕದ ಎಡ್ನಾ ಫೋವಾ ಮೊದಲಾದವರು 1980ರ ದಶಕದಿಂದೀಚೆಗೆ ರೂಪಿಸಿದ ಚಿಕಿತ್ಸೆಯಲ್ಲಿ, ರೋಗಿ ಘಟನೆಯನ್ನು ಚಿಕಿತ್ಸಕರ ಎದುರು ಮತ್ತೆ ಮತ್ತೆ, ವಿವರವಾಗಿ ಹೇಳಬೇಕು. ಬಿಟ್ಟ ರಸ್ತೆಗೆ ಸ್ವಲ್ಪ ಸ್ವಲ್ಪವಾಗಿ ಮರಳಬೇಕು. ರಿವರ್ಸ್ ಹೇಳಿದ್ದರ ಶಿಸ್ತುಬದ್ಧ ರೂಪವೆನ್ನಬಹುದು. ಫಲ ಒಳ್ಳೆಯದು. ಆದರೆ ಒಂದೊಂದು ಭೇಟಿಗೆ ಒಂದೂವರೆ ಗಂಟೆ, ಅಂಥ 8ರಿಂದ 15 ಭೇಟಿಗಳು, ತರಬೇತಾದ ಚಿಕಿತ್ಸಕರು. ಅಷ್ಟು ಚಿಕಿತ್ಸಕರು ಯಾವ ದೇಶದಲ್ಲೂ ಇಲ್ಲ.

ಹಾಗಾದರೆ ಎಲ್ಲರಿಗೂ ಸ್ವಲ್ಪ ಸ್ವಲ್ಪ ಹಂಚಿದರೆ? ಆ ಪ್ರಯೋಗವೂ ನಡೆಯಿತು. 1983ರಲ್ಲಿ ಜೆಫ್ರಿ ಮಿಚೆಲ್ ಎಂಬ ಅಮೆರಿಕನ್ನರು, ದುರಂತ ನಡೆದ ಕೂಡಲೇ ಸಿಕ್ಕವರನ್ನೆಲ್ಲ ಕೂರಿಸಿ ಒಂದೇ ಸಲ ಎಲ್ಲವನ್ನೂ ಹೇಳಿಸುವ ಕ್ರಮವನ್ನು ಬಳಕೆಗೆ ತಂದರು. ಅಗ್ನಿಶಾಮಕ ದಳದವರಿಗೆಂದು ಹುಟ್ಟಿದ್ದು ಬೇಗನೆ ಎಲ್ಲ ದುರಂತಗಳ ಸಂಗಾತಿಯಾಯಿತು. ಯಾರಿಗೂ ಅನುಮಾನವಿರಲಿಲ್ಲ, ಹೇಳಿಕೊಂಡರೆ ಹಗುರಾಗುತ್ತದೆಂಬುದು ಎಲ್ಲರ ನಂಬಿಕೆಯಷ್ಟೆ. ವೇಲ್ಸ್‌ನ ಕಾರ್ಡಿಫ್‌ನಲ್ಲಿ ಜೊನಾಥನ್ ಬಿಸನ್ ಮತ್ತು ಸಂಗಡಿಗರು ಸುಟ್ಟಗಾಯದ ರೋಗಿಗಳಲ್ಲಿ ಇದನ್ನು ಪರೀಕ್ಷಿಸಿ 1997ರಲ್ಲಿ ಫಲಿತಾಂಶ ಪ್ರಕಟಿಸಿದರು. 13 ತಿಂಗಳ ಬಳಿಕ, ಹೀಗೆ ಹೇಳಿಸಿದವರಲ್ಲಿ ನೂರಕ್ಕೆ 26 ಮಂದಿಗೆ ಕಾಯಿಲೆಯಿತ್ತು. ಏನೂ ಮಾಡದೆ ಬಿಟ್ಟವರಲ್ಲಿ ನೂರಕ್ಕೆ 9. ಹೇಳಿಸಿಕೊಂಡ ಗುಂಪಿನವರ ಗಾಯಗಳು ಮೊದಲೇ ಹೆಚ್ಚು ತೀವ್ರವಾಗಿದ್ದವು ಎಂಬುದನ್ನು ಗಣಿಸಿದರೂ ಉಪಯೋಗವಾಯಿತೆಂದು ಹೇಳುವಂತಿರಲಿಲ್ಲ. ಬ್ರಿಟನ್ನಿನ ಅಧಿಕೃತ ಮಾರ್ಗಸೂಚಿ 2005ರಲ್ಲಿ ಈ ಕ್ರಮ ಬೇಡವೆಂದಿತು. ಲಘು ಲಕ್ಷಣಗಳಿದ್ದರೆ ಮೊದಲ ನಾಲ್ಕು ವಾರ ಗಮನವಿಟ್ಟು ಕಾಯಿರಿ ಎಂದೂ ಹೇಳಿತು.

‘ಗಮನವಿಟ್ಟು ಕಾಯುವುದು’ ಎಂಬುದನ್ನು ಮೆಟ್ಟಿಲು ಪದ್ಧತಿಯ ತಳದ ಮೆಟ್ಟಿಲೆನ್ನಬೇಕು. ಇಲ್ಲಿ ಕಾಯುವುದಕ್ಕಿಂತ ಗಮನವೇ ಮುಖ್ಯ. 2005ರ ಜುಲೈ 7ರಂದು ಲಂಡನ್ನಿನ ರೈಲು, ಬಸ್ಸುಗಳಲ್ಲಿ ಬಾಂಬು ಸಿಡಿದು 52 ಮಂದಿ ಸತ್ತಾಗ ಇದು ಸ್ಪಷ್ಟವಾಯಿತು. ಬದುಕುಳಿದವರಿಗೆ ಕಷ್ಟವಾದರೆ ತಮ್ಮ ಕುಟುಂಬ ವೈದ್ಯರ ಬಳಿ ಹೋಗುತ್ತಾರೆ, ಅವರು ತಜ್ಞರಿಗೆ ಕಳಿಸುತ್ತಾರೆ ಎಂದು ಕಾಗದದ ಮೇಲಿತ್ತು. ಹಾಗೆ ಬಂದವರು ತೀರ ಕಡಿಮೆ. ಕ್ರಿಸ್ ಬ್ರೂಯಿನ್ ಮತ್ತಿತರ ತಜ್ಞರು ಹೆಸರುಗಳನ್ನು ಹುಡುಕಿ, ಪ್ರಶ್ನಾವಳಿ ಕಳಿಸಿ, ಉತ್ತರ ಕಳವಳಕಾರಿಯೆನಿಸಿದವರನ್ನು ತಾವೇ ಕರೆಸಿಕೊಂಡು ಚಿಕಿತ್ಸೆ ಕೊಟ್ಟರು. ಚಿಕಿತ್ಸೆ ಪಡೆದವರಲ್ಲಿ ಹೆಚ್ಚಿನವರು ಚೇತರಿಸಿಕೊಂಡರು. ಈ ಕಾಯಿಲೆಯ ಸ್ವಭಾವವೇ ತಪ್ಪಿಸಿಕೊಳ್ಳುವುದು. ರೋಗಿ ತಾನಾಗಿ ಬಂದು ಮೆಟ್ಟಿಲು ಹತ್ತುತ್ತಾನೆಂದು ಕಾದು ಕೂತರೆ ಮೆಟ್ಟಿಲು ಖಾಲಿಯೇ ಉಳಿಯುತ್ತದೆ.

ಇರಾಕ್, ಅಫ್ಘಾನಿಸ್ತಾನಗಳಿಂದ ಮರಳಿದ ಅಮೆರಿಕದ ಸೈನಿಕರಿಗಾಗಿ ನಡೆದ ಒಂದು ಪ್ರಯೋಗವನ್ನು ಇಲ್ಲಿ ವಿವರವಾಗಿ ನೋಡಬಹುದು. ಆರು ಸೇನಾ ನೆಲೆಗಳ 18 ಚಿಕಿತ್ಸಾಲಯಗಳಲ್ಲಿ 666 ಸೈನಿಕರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಅದುವರೆಗಿನ ವ್ಯವಸ್ಥೆ. ಇನ್ನೊಂದಕ್ಕೆ ಮೆಟ್ಟಿಲುಗಳು: ಮೊದಲು ಕಂಪ್ಯೂಟರಿನಲ್ಲಿ ತಾವೇ ಮಾಡಿಕೊಳ್ಳುವ ಅಭ್ಯಾಸ, ಬಳಿಕ ಫೋನಿನಲ್ಲಿ ಚಿಕಿತ್ಸೆ, ಆಮೇಲೆ ಮುಖಾಮುಖಿ. ಇವುಗಳ ನಡುವೆ ಒಬ್ಬ ನರ್ಸ್. ಆಕೆ ಫೋನು ಮಾಡುತ್ತಾಳೆ, ಲಕ್ಷಣಗಳನ್ನು ಕೇಳಿ ಬರೆದುಕೊಳ್ಳುತ್ತಾಳೆ, ಇಳಿಯದಿದ್ದರೆ ಮುಂದಿನ ಮೆಟ್ಟಿಲಿಗೆ ಕಳಿಸುವಂತೆ ನೋಡಿಕೊಳ್ಳುತ್ತಾಳೆ. ಒಂದು ವರ್ಷದ ಬಳಿಕ, ಲಕ್ಷಣಗಳು ಅರ್ಧಕ್ಕರ್ಧ ಇಳಿದವರು ಮೆಟ್ಟಿಲಿನ ಗುಂಪಿನಲ್ಲಿ ನೂರಕ್ಕೆ 25, ಇನ್ನೊಂದರಲ್ಲಿ 17. 2016ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಅದ್ಭುತವೆನ್ನಲಾಗದು. ನೂರಕ್ಕೆ 75 ಮಂದಿಗೆ ಅಷ್ಟು ಇಳಿಯಲಿಲ್ಲವೆಂದೂ ಓದಬಹುದು. ಆದರೆ ಸಿಕ್ಕ ಲಾಭದಲ್ಲಿ ಕಂಪ್ಯೂಟರಿಗಿಂತ ಆ ನರ್ಸಿನ ಪಾಲೇ ದೊಡ್ಡದೆಂದು ನನ್ನ ಅನಿಸಿಕೆ.

ಕಂಪ್ಯೂಟರು ಈ ಕ್ಷೇತ್ರಕ್ಕೆ ಬಂದದ್ದು ಎರಡು ದಾರಿಯಲ್ಲಿ. ಒಂದು ಬೆರಗಿನ ದಾರಿ. 1997ರಲ್ಲಿ ಅಟ್ಲಾಂಟಾದಲ್ಲಿ ಬಾರ್ಬರಾ ರಾಥ್‌ಬಾಮ್, ಲ್ಯಾರಿ ಹಾಜಸ್ ಮೊದಲಾದವರು, ತಲೆಗೆ ಹಾಕಿಕೊಳ್ಳುವ ತೆರೆಯೊಳಗೆ ವಿಯೆಟ್ನಾಂ ಕಾಡಿನ ಬಯಲನ್ನೂ ಹಾರುವ ಹೆಲಿಕಾಪ್ಟರನ್ನೂ ಮೂಡಿಸಿ, ಮಾಜಿ ಸೈನಿಕರನ್ನು ಅದರೊಳಗೆ ಕಳಿಸಿದರು. ಮುಂದೆ ಕ್ಯಾಲಿಫೋರ್ನಿಯಾದಲ್ಲಿ ಸ್ಕಿಪ್ ರಿಝೊ ಎಂಬವರು ಕಂಪ್ಯೂಟರ್ ಆಟವೊಂದರ ಚಿತ್ರಗಳನ್ನೇ ಬಳಸಿ ಇರಾಕಿನ ಬೀದಿಗಳನ್ನು ಕಟ್ಟಿದರು. ಪತ್ರಿಕೆಗಳಿಗೆ ಒಳ್ಳೆಯ ಸುದ್ದಿ, ಒಳ್ಳೆಯ ಫೋಟೊ. ಆದರೆ 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದು ಬರಿಗೈಯ ಹಳೆಯ ಕಥನ ಚಿಕಿತ್ಸೆಯನ್ನು ಮೀರಿಸಲಿಲ್ಲ. ಕಣ್ಣು ಮುಚ್ಚಿ ಹೇಳುವವನ ಒಳಗಿನ ಚಿತ್ರಕ್ಕಿಂತ ಸ್ಪಷ್ಟವಾದ ಚಿತ್ರವನ್ನು ಯಂತ್ರ ಕೊಡಲಾರದೋ ಏನೋ.

ಇನ್ನೊಂದು ಸಪ್ಪೆ ದಾರಿ, ಕಾಗದ ಬರೆಯುವ ದಾರಿ. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಆಲ್ಫ್ರೆಡ್ ಲಾಂಗೆ 1990ರ ದಶಕದ ಕೊನೆಯಲ್ಲಿ ‘ಇಂಟರಾಪಿ’ ಎಂಬುದನ್ನು ಆರಂಭಿಸಿದರು. ರೋಗಿ ಐದು ವಾರಗಳಲ್ಲಿ ಹತ್ತು ಬಾರಿ, ಪ್ರತಿ ಸಲ ಮುಕ್ಕಾಲು ಗಂಟೆ, ನಡೆದದ್ದನ್ನು ಕಂಪ್ಯೂಟರಿನಲ್ಲಿ ಬರೆಯಬೇಕು. ಇನ್ನೊಂದು ತುದಿಯಲ್ಲಿ ಚಿಕಿತ್ಸಕರು ಓದಿ ಉತ್ತರ ಬರೆಯುತ್ತಾರೆ. ಮೊದಲು ಘಟನೆಯ ವಿವರ. ಆಮೇಲೆ ಅದರ ಅರ್ಥದ ಮರುವಿಚಾರ. ಕಡೆಗೆ ಯಾರಿಗಾದರೂ ಬರೆಯುವ, ಹಳೆಯದಕ್ಕೆ ವಿದಾಯ ಹೇಳುವಂಥ ಒಂದು ಪತ್ರ. ಇಬ್ಬರೂ ಪರಸ್ಪರರ ಮುಖ ನೋಡುವುದೇ ಇಲ್ಲ. ಅಪಮಾನದ ಕಥೆ ಇರುವವರಿಗೆ ಇದೇ ಅನುಕೂಲವೂ ಆಯಿತು. ಈ ಕ್ರಮವನ್ನು ಬರ್ಲಿನ್ನಿನ ಕ್ರಿಸ್ಟೀನ್ ಕ್ನೆವೆಲ್ಸ್‌ರುಡ್ ಮತ್ತಿತರರು ಅರಬ್ಬೀ ಭಾಷೆಗೆ ತಂದು, ಹೊರಗೆ ಗುಂಡು ಹಾರುತ್ತಿದ್ದ ಇರಾಕಿನ ಜನರಿಗೂ ತಲುಪಿಸಿದರು. ನಡುವೆ ಬಿಟ್ಟುಹೋದವರು ಬಹಳ. ಉಳಿದವರಿಗೆ ಗುಣ ಕಂಡಿತು.

ಅಲ್ಲಿಂದ ಕಾರ್ಡಿಫ್‌ಗೆ ಮರಳೋಣ. ಒಂದೇ ಸಲ ಹೇಳಿಸುವ ಕ್ರಮ ಫಲಿಸದೆಂದು ತೋರಿಸಿದ ಅದೇ ಬಿಸನ್ ಅವರ ತಂಡ ‘ಸ್ಪ್ರಿಂಗ್’ ಎಂಬ ಎಂಟು ಹಂತದ ಕಾರ್ಯಕ್ರಮವನ್ನು ಕಟ್ಟಿತು. ರೋಗಿ ಮನೆಯಲ್ಲೇ ಕಂಪ್ಯೂಟರ್ ಇಲ್ಲವೇ ಫೋನಿನಲ್ಲಿ ಅದನ್ನು ನಡೆಸಿಕೊಂಡು ಹೋಗುತ್ತಾನೆ. ಚಿಕಿತ್ಸಕರು ಒಟ್ಟು ಸುಮಾರು ಮೂರು ಗಂಟೆ ಮಾತ್ರ ಜತೆಗಿರುತ್ತಾರೆ. ಒಂದೇ ಆಘಾತದಿಂದ ಸೌಮ್ಯ ಅಥವಾ ಮಧ್ಯಮ ಪ್ರಮಾಣದ ಕಾಯಿಲೆಗೆ ಒಳಗಾದ 196 ಮಂದಿಯಲ್ಲಿ ಇದನ್ನು 12 ಭೇಟಿಗಳವರೆಗಿನ ಮುಖಾಮುಖಿ ಚಿಕಿತ್ಸೆಯೊಡನೆ ಹೋಲಿಸಿದರು. 2022ರಲ್ಲಿ ಬಂದ ಫಲಿತಾಂಶದ ಪ್ರಕಾರ, 16 ವಾರಗಳ ಹೊತ್ತಿಗೆ ಎರಡೂ ಸರಿಸಮ. 52 ವಾರಗಳ ಹೊತ್ತಿಗೆ ಎರಡೂ ಗುಂಪಿನವರು ಚೇತರಿಕೆ ಉಳಿಸಿಕೊಂಡಿದ್ದರು. ಸರಿಸಮವೆಂದು ಖಚಿತವಾಗಿ ಹೇಳಲು ಮಾತ್ರ ಆಧಾರ ಸಾಲಲಿಲ್ಲ. ಬ್ರಿಟನ್ನಿನ ಮಾರ್ಗಸೂಚಿ 2018ರಲ್ಲೇ, ಮುಖಾಮುಖಿಗಿಂತ ಇದನ್ನು ಇಷ್ಟಪಡುವ ವಯಸ್ಕರಿಗೆ ಮಾರ್ಗದರ್ಶನವುಳ್ಳ ಕಂಪ್ಯೂಟರ್ ಚಿಕಿತ್ಸೆಯನ್ನು ಒಪ್ಪಿತ್ತು. ಯಾರ ನೆರವೂ ಇಲ್ಲದೆ ಬಳಸುವ ಆ್ಯಪ್‌ಗಳೂ ಉಂಟು. ಅಮೆರಿಕದ ಮಾಜಿ ಸೈನಿಕರ ಇಲಾಖೆ 2011ರಲ್ಲೇ ಒಂದನ್ನು ಉಚಿತವಾಗಿ ಬಿಡುಗಡೆ ಮಾಡಿತು. ಉಸಿರಾಟದ ಅಭ್ಯಾಸ, ನಿದ್ದೆಯ ಸಲಹೆಗಳಿಗೆ ಅಡ್ಡಿಯಿಲ್ಲ. ಅಂಥದ್ದನ್ನೇ ಚಿಕಿತ್ಸೆಯೆಂದು ಕರೆದು, ಮೇಲಿನ ಮೆಟ್ಟಿಲುಗಳನ್ನು ಸದ್ದಿಲ್ಲದೆ ಕಿತ್ತುಹಾಕುವ ಆಸೆ ಹಣಕಾಸು ಇಲಾಖೆಗಳಿಗೆ ಬಂದರೆ ಆಶ್ಚರ್ಯವಿಲ್ಲ. ಸಾಲ್ಮನ್ ಕಾಲದ ಪ್ರಶ್ನೆಯೇ ಇದು: ಮೆಟ್ಟಿಲು ರೋಗಿ ಹತ್ತುವುದಕ್ಕೋ, ಸಂಸ್ಥೆಯ ಖರ್ಚು ಇಳಿಸುವುದಕ್ಕೋ?

ನಮ್ಮಲ್ಲಿ ಈ ಪ್ರಶ್ನೆ ಬೇರೆ ರೂಪದಲ್ಲಿ ಬಂತು. ಪಿ.ಟಿ.ಎಸ್.ಡಿ. ಹೆಸರು ಹುಟ್ಟಿದ ಮರುವರ್ಷ, 1981ರ ಫೆಬ್ರವರಿ 7ರಂದು, ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಮಂದಿ ಸತ್ತರು, ಬಹುಪಾಲು ಮಕ್ಕಳು. ನಿಮ್ಹಾನ್ಸ್‌ನ ತಜ್ಞರು ಮಕ್ಕಳನ್ನು ಕಳೆದುಕೊಂಡ ಮನೆಗಳವರನ್ನು ಭೇಟಿಯಾಗಿ ಅವರ ದುಃಖದ ಸ್ವರೂಪವನ್ನು ದಾಖಲಿಸಿದರು. ದುರಂತದ ಮಾನಸಿಕ ಪರಿಣಾಮಗಳ ಬಗ್ಗೆ ಭಾರತದಲ್ಲಿ ನಡೆದ ಮೊದಲ ಅಧ್ಯಯನಗಳಲ್ಲಿ ಇದೂ ಒಂದು. 1984ರ ಡಿಸೆಂಬರಿನಲ್ಲಿ ಭೋಪಾಲದ ಅನಿಲ ದುರಂತ ನಡೆದಾಗ ಮಧ್ಯಪ್ರದೇಶದ ಐದು ವೈದ್ಯಕೀಯ ಕಾಲೇಜುಗಳಲ್ಲಿ ಒಬ್ಬ ಮನೋವೈದ್ಯರೂ ಇರಲಿಲ್ಲ. ಲಖನೌದಿಂದ ಬಂದ ತಂಡ, ಚಿಕಿತ್ಸಾಲಯಗಳಿಗೆ ಬಂದ ಸಂತ್ರಸ್ತರಲ್ಲಿ ನೂರಕ್ಕೆ 22ಕ್ಕೂ ಹೆಚ್ಚು ಮಂದಿಗೆ ಮಾನಸಿಕ ಕಾಯಿಲೆ ಇರುವುದನ್ನು ಕಂಡಿತು. ನಿಮ್ಹಾನ್ಸ್‌ನ ಡಾ. ಆರ್. ಶ್ರೀನಿವಾಸಮೂರ್ತಿ ಮತ್ತು ಸಂಗಡಿಗರು 1985ರಲ್ಲಿ, ಅಲ್ಲಿ ಕೆಮ್ಮು, ಕಣ್ಣುರಿಗೆ ಔಷಧ ಕೊಡುತ್ತಿದ್ದ ಸುಮಾರು 50 ಸಾಮಾನ್ಯ ವೈದ್ಯರಿಗೇ ತರಬೇತಿ ಕೊಟ್ಟು, ಅವರಿಗೊಂದು ಕೈಪಿಡಿ ಬರೆದರು. ತಜ್ಞರೇ ಇಲ್ಲದ ಕಡೆ ತಳದ ಮೆಟ್ಟಿಲನ್ನೇ ಗಟ್ಟಿಮಾಡುವುದು ಬಿಟ್ಟರೆ ಬೇರೆ ದಾರಿಯಿರಲಿಲ್ಲ.

ಅದು ಆಕಸ್ಮಿಕವಾಗಿ ಹೊಳೆದದ್ದೂ ಅಲ್ಲ. ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ 1975ರಿಂದಲೇ ನಿಮ್ಹಾನ್ಸ್, ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ಮನೋರೋಗ ಗುರುತಿಸುವುದನ್ನು ಕಲಿಸುತ್ತಿತ್ತು. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಇದನ್ನೇ ವಿಸ್ತರಿಸಿದರು: ಕಾರ್ಯಕರ್ತ ಮನೆಗಳಲ್ಲಿ ಗುರುತಿಸುತ್ತಾನೆ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಔಷಧ ಕೊಡುತ್ತಾರೆ, ಅವರ ಕೈಮೀರಿದ್ದು ಜಿಲ್ಲೆಗೆ ಬರುತ್ತದೆ. ಆಘಾತದ ಕಾಯಿಲೆಗೆಂದೇ ಮಾಡಿದ ವ್ಯವಸ್ಥೆಯಲ್ಲ ಅದು. ಮೂರ್ಛೆರೋಗ, ತೀವ್ರ ಮನೋರೋಗಗಳೇ ಅದರ ಮುಖ್ಯ ಗಮನ. ಆದರೂ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಮೇಲಿನ ಮೆಟ್ಟಿಲು ಇಲ್ಲಿ ಇಂದಿಗೂ ಕಿರಿದು. 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಖಿನ್ನತೆ, ಆತಂಕಗಳಂಥ ಸಾಮಾನ್ಯ ಮಾನಸಿಕ ಕಾಯಿಲೆಯವರಲ್ಲಿ ನೂರಕ್ಕೆ 85 ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ.

2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ‘ಟೆಲಿ ಮಾನಸ್’ ಎಂಬ ಉಚಿತ ಸಹಾಯವಾಣಿಯನ್ನು ಆರಂಭಿಸಿತು. ಅದರ ಕೇಂದ್ರಸ್ಥಾನ ನಿಮ್ಹಾನ್ಸ್, ತಾಂತ್ರಿಕ ನೆರವು ಬೆಂಗಳೂರಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯದು. 14416ಕ್ಕೆ ಫೋನು ಮಾಡಿ ಕನ್ನಡವನ್ನು ಆಯ್ದುಕೊಂಡರೆ ತರಬೇತಾದ ಆಪ್ತಸಲಹೆಗಾರರು ಮಾತಿಗೆ ಸಿಗುತ್ತಾರೆ. ಅವರಿಂದಾಗದ್ದು ಮನೋವೈದ್ಯರಿಗೆ, ಮುಖ ನೋಡಲೇಬೇಕಾದದ್ದು ಜಿಲ್ಲಾ ಕಾರ್ಯಕ್ರಮದ ವೈದ್ಯರಿಗೆ, ಅಂದರೆ ಬಳ್ಳಾರಿಯ ಹಳೆಯ ಮೆಟ್ಟಿಲಿಗೇ. ಸಹಾಯವಾಣಿ 24 ಗಂಟೆಯೂ ತೆರೆದಿರುತ್ತದೆ. ಈ ಕಾಯಿಲೆಯವರಿಗೆ ಹೆಚ್ಚು ಕಷ್ಟ ಕೊಡುವುದು ರಾತ್ರಿಯ ಹೊತ್ತೇ.